ಫ್ರಾಸ್ಟ್‌ಬೈಟ್: ಹೆಪ್ಪುಗಟ್ಟುವಾಗಿನ ಹಾನಿ ಮತ್ತು ಕರಗುವಾಗಿನ ಹಾನಿ

ಕೊರೆಯುವ ಚಳಿಯಲ್ಲಿ ದೇಹವು ಒಳಗಿನ ಅಂಗಗಳ ಶಾಖವನ್ನು ಉಳಿಸಿಕೊಳ್ಳಲು ಬೆರಳು, ಮೂಗು, ಕಿವಿಗಳ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ. ಆರಂಭದಲ್ಲಿ ಈ ನಾಳಗಳು ಆಗಾಗ ಹಿಗ್ಗಿ ಬೆರಳುಗಳಿಗೆ ಬಿಸಿರಕ್ತವನ್ನು ಹರಿಸುತ್ತವೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದ ಈ ಪ್ರತಿಕ್ರಿಯೆ ಇಡೀ ಮೈ ತಣ್ಣಗಾದಾಗ ಕುಗ್ಗುತ್ತದೆ. ಆದ್ದರಿಂದ ಬೆರಳುಗಳ ರಕ್ಷಣೆಗೆ ಕೈಗವಸು ಮಾತ್ರ ಸಾಲದು, ಮೈಯೂ ಬೆಚ್ಚಗಿರಬೇಕು.

ಚರ್ಮದ ಉಷ್ಣತೆ ಸುಮಾರು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಂಗಾಂಶ ಹೆಪ್ಪುಗಟ್ಟಬಹುದು; ಈ ಗಾಯವೇ ಫ್ರಾಸ್ಟ್‌ಬೈಟ್. ಮಂಜಿನ ಹರಳುಗಳು ಕೋಶಗಳನ್ನು ಇರಿದು ಸೀಳುತ್ತವೆ ಎಂದಷ್ಟೇ ತಿಳಿದರೆ ವಿಷಯ ಅರ್ಧ ಮಾತ್ರ ಅರ್ಥವಾದಂತೆ. ನಿಧಾನವಾಗಿ ಹೆಪ್ಪುಗಟ್ಟುವಾಗ ಹರಳುಗಳು ಮೊದಲು ಮೂಡುವುದು ಕೋಶಗಳ ನಡುವಿನ ದ್ರವದಲ್ಲಿ. ಅಲ್ಲಿ ನೀರು ಮಂಜಾದಂತೆಲ್ಲ ಉಳಿದ ದ್ರವದ ಲವಣಾಂಶ ಹೆಚ್ಚಿ, ಅದು ಕೋಶದೊಳಗಿನ ನೀರನ್ನು ಹೊರಗೆ ಸೆಳೆಯುವುದರಿಂದ ಕೋಶಗಳು ಬತ್ತಿ, ಅವುಗಳ ಪೊರೆಗಳು ಹಾಳಾಗುತ್ತವೆ.

ಇಲ್ಲಿಗೆ ಹಾನಿ ಮುಗಿಯುವುದಿಲ್ಲ, ಮತ್ತು ನಾವು ಹೆಚ್ಚು ಗಮನವಿಟ್ಟು ಓದಬೇಕಾದ ಭಾಗ ಇದೇ. ಮಂಜು ಕರಗಿ ರಕ್ತ ಮರಳಿದಾಗ, ಮೊದಲೇ ಪೆಟ್ಟು ತಿಂದಿರುವ ರಕ್ತನಾಳಗಳ ಒಳಪದರದಿಂದ ದ್ರವ ಸೋರಿ ಊತ, ಬೊಕ್ಕೆಗಳು ಏಳುತ್ತವೆ. ಥ್ರಾಂಬಾಕ್ಸೇನ್‌ನಂತಹ ಉರಿಯೂತಕಾರಕ ವಸ್ತುಗಳು ನಾಳಗಳನ್ನು ಕಿರಿದಾಗಿಸಿ, ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಒಟ್ಟುಗೂಡಿಸಿ, ಸೂಕ್ಷ್ಮ ನಾಳಗಳಲ್ಲಿ ರಕ್ತ ಗರಣೆಕಟ್ಟುವಂತೆ ಮಾಡುತ್ತವೆ. ಒಮ್ಮೆ ಕರಗಿದ ಅಂಗ ಮತ್ತೆ ಹೆಪ್ಪುಗಟ್ಟಿದರೆ ಈ ಹಾನಿ ಬಹಳ ತೀವ್ರವಾಗುತ್ತದೆ.

1812ರಲ್ಲಿ ನೆಪೋಲಿಯನ್ನನ ಸೇನೆ ರಷ್ಯಾದಿಂದ ಹಿಮ್ಮೆಟ್ಟುವಾಗ ಶಸ್ತ್ರವೈದ್ಯ ಲಾರೆ ಇದನ್ನು ಕಣ್ಣಾರೆ ಕಂಡರು. ಸೈನಿಕರು ರಾತ್ರಿ ಬೆಂಕಿಗೆ ಒಡ್ಡಿ ಕಾಯಿಸಿಕೊಂಡ ಕಾಲುಗಳು ಹಗಲಿನ ನಡಿಗೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತಿದ್ದವು. ಸ್ಪರ್ಶಜ್ಞಾನವಿಲ್ಲದ ಚರ್ಮ ಬೆಂಕಿಯಲ್ಲಿ ಸುಟ್ಟರೂ ಅವರಿಗೆ ತಿಳಿಯುತ್ತಿರಲಿಲ್ಲ. ಲಾರೆಯವರ ಅವಲೋಕನ ಸರಿಯಾಗಿತ್ತು, ಆದರೆ ಹಿಮದಿಂದ ಉಜ್ಜಬೇಕೆಂಬ ಅವರ ಸಲಹೆ ಗಾಯವನ್ನು ಹೆಚ್ಚಿಸುವಂಥದ್ದು. ಅದು ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿಕಿತ್ಸೆಯಾಗಿ ಉಳಿದದ್ದು ನಿಜಕ್ಕೂ ದುಃಖದ ಸಂಗತಿ. ಇಂದಿನ ಕ್ರಮದಲ್ಲಿ ಉಜ್ಜದೆ, 37ರಿಂದ 39 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಚರ್ಮ ಕೆಂಪಾಗಿ ಮೃದುವಾಗುವವರೆಗೆ ಅಂಗವನ್ನು ಇಡುತ್ತಾರೆ. ದಾರಿಯಲ್ಲಿ ಅದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ, ಸುರಕ್ಷಿತ ಸ್ಥಳ ತಲುಪುವವರೆಗೆ ಬೇಕೆಂದೇ ಕರಗಿಸದಿರುವುದು ಲೇಸು.

ತಿಳಿನೀರಿನ ಬೊಕ್ಕೆಗಳು ಸಾಮಾನ್ಯವಾಗಿ ಮೇಲ್ಪದರದ ಗಾಯವನ್ನೂ, ರಕ್ತ ತುಂಬಿದವು ಆಳದ ಗಾಯವನ್ನೂ ಸೂಚಿಸುತ್ತವೆ. ಸತ್ತ ಮತ್ತು ಬದುಕಿದ ಅಂಗಾಂಶಗಳ ಗಡಿ ಸ್ಪಷ್ಟವಾಗಲು ವಾರಗಳೇ ಬೇಕಾಗುವುದರಿಂದ, ತೀವ್ರ ಸೋಂಕಿಲ್ಲದಿದ್ದರೆ ಬೆರಳು ಕತ್ತರಿಸುವ ನಿರ್ಧಾರವನ್ನು ಮುಂದೂಡುತ್ತಾರೆ. ಗರಣೆ ಕರಗಿಸುವ ಔಷಧವನ್ನು ಆಯ್ದ ರೋಗಿಗಳಿಗೆ ಸಾಮಾನ್ಯವಾಗಿ ಅಂಗ ಕರಗಿದ 24 ಗಂಟೆಗಳೊಳಗೆ ಕೊಡುತ್ತಾರೆ. ನಾಳಗಳನ್ನು ಹಿಗ್ಗಿಸುವ ಐಲೋಪ್ರಾಸ್ಟ್ ಎಂಬ ಔಷಧಕ್ಕೆ ತೀವ್ರ ಫ್ರಾಸ್ಟ್‌ಬೈಟ್‌ನ ಚಿಕಿತ್ಸೆಗಾಗಿ ಅಮೆರಿಕದಲ್ಲಿ 2024ರಲ್ಲಿ ಮಂಜೂರಾತಿ ದೊರೆಯಿತು.