ಓದುಗರ ಪ್ರಶ್ನೆ: ಗೋಡೆ ಮೆಕ್ಸಿಕೊ ಗಡಿಗೆ, ವೀಸಾ ಇದ್ದವರಿಗೆ ಅದರಿಂದೇನು?

ಅಮೆರಿಕದ ಸರ್ಕಾರ ಗಡಿ ಬಿಗಿಗೊಳಿಸುವ ಪ್ರಸ್ತಾವ ಮುಂದಿಟ್ಟಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಹೋದ ಸಲವೂ ಉತ್ತರಿಸಿದ್ದೆ, ಅದರ ಹಿಂದಿನ ಸಲವೂ ಉತ್ತರಿಸಿದ್ದೆ. ಇರಲಿ, ಇನ್ನೊಮ್ಮೆ.

ಅಂಥ ಪ್ರಸ್ತಾವಗಳಲ್ಲಿ ಗೋಡೆ ಒಂದು ಭಾಗ ಅಷ್ಟೆ. 2025ರ ಜುಲೈಯಲ್ಲಿ ಟ್ರಂಪ್ ಸಹಿ ಹಾಕಿದ ಕಾಯ್ದೆಯನ್ನೇ ನೋಡಿ. ಗೋಡೆಗೆ ಸುಮಾರು 4,650 ಕೋಟಿ ಡಾಲರ್ ಇಟ್ಟರು, ಬಂಧನ ಕೇಂದ್ರಗಳಿಗೆ 4,500 ಕೋಟಿ. ಬಂಧನ ಕೇಂದ್ರ ತುಂಬುವುದು ಗಡಿಯಲ್ಲಿ ಸಿಕ್ಕಿಬಿದ್ದವರಿಂದ ಮಾತ್ರವಲ್ಲ, ಊರೊಳಗೆ ಸಿಕ್ಕವರಿಂದಲೂ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: ಅಕ್ರಮ ವಲಸಿಗ ಎಂದರೆ ರಾತ್ರಿ ಬೇಲಿ ಹಾರಿ ಬಂದವನು. ಎಷ್ಟು ಸಲ ಹೇಳಿದರೂ ಈ ಚಿತ್ರ ಜನರ ತಲೆಯಿಂದ ಇಳಿಯುವುದಿಲ್ಲ. ಅಲ್ಲಿ ದಾಖಲೆಯಿಲ್ಲದೆ ಇರುವವರಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಜನ ವಿಮಾನದಲ್ಲಿ ಬಂದು, ಬೆರಳಚ್ಚು ಕೊಟ್ಟು, ಅಧಿಕಾರಿಯ ಎದುರು ನಿಂತು ರಾಜಮಾರ್ಗದಲ್ಲೇ ಒಳಹೊಕ್ಕವರು ಎಂಬ ಅಂದಾಜು ವರ್ಷಗಳಿಂದ ಚಾಲ್ತಿಯಲ್ಲಿದೆ. ಅವರು ಮಾಡಿದ ತಪ್ಪು ಬಂದದ್ದಲ್ಲ, ಹೊರಡದೆ ಉಳಿದದ್ದು. ಸುಮಾರು 3,100 ಕಿಲೋಮೀಟರ್ ಉದ್ದದ ಆ ಗಡಿಗೆ ಇಂಚು ಬಿಡದೆ ಗೋಡೆ ಕಟ್ಟಿದರೂ ಇವರಲ್ಲಿ ಒಬ್ಬರನ್ನೂ ಅದು ತಡೆಯುತ್ತಿರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ನಡೆಸಿದ ಹತ್ತೊಂಬತ್ತು ಮಂದಿಯೂ ವೀಸಾ ಪಡೆದೇ ಬಂದಿದ್ದರು.

ಇನ್ನೂ ವಿಚಿತ್ರವೆಂದರೆ, ಬಿಗಿ ಮಾಡಿದ್ದೇ ಕೆಲವರನ್ನು ಒಳಗೆ ಕೂಡಿಹಾಕಿತು. ಸುಗ್ಗಿಗೆ ಬಂದು ಕೂಲಿ ಮಾಡಿ ಊರಿಗೆ ಮರಳುತ್ತಿದ್ದ ಮೆಕ್ಸಿಕೊದ ಕಾರ್ಮಿಕರು, 1993–94ರಲ್ಲಿ ಎಲ್ ಪಾಸೊ ಮತ್ತು ಸ್ಯಾನ್ ಡಿಯಾಗೊ ಬಳಿ ಕಾವಲು ಹೆಚ್ಚಿದ ಮೇಲೆ, ಹೋದರೆ ಮತ್ತೆ ಬರಲಾಗದೆಂದು ಅಲ್ಲೇ ನೆಲೆನಿಂತರು. 1996ರ ಕಾಯ್ದೆ ಇದಕ್ಕೆ ಇನ್ನೊಂದು ಬೀಗ ಜಡಿಯಿತು. 180 ದಿನ ಮೀರಿ ಅಕ್ರಮವಾಗಿ ಇದ್ದು ಹೊರಟರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಇದ್ದು ಹೊರಟರೆ 10 ವರ್ಷ ಮರುಪ್ರವೇಶವಿಲ್ಲ. ಗಮನಿಸಿ, ನಿಷೇಧ ಜಾರಿಯಾಗುವುದು ಹೊರಟಾಗ. ಹಾಗಿದ್ದ ಮೇಲೆ ಹೊರಡುವವರು ಯಾರು?

ವೀಸಾ ಇದ್ದವರಿಗೆ ಏನು ಎಂದಿರಲ್ಲ, ಪಾಸ್‌ಪೋರ್ಟ್ ತೆಗೆಯಿರಿ. ಪ್ರವಾಸಿ ವೀಸಾದ ಮೇಲೆ 10 ವರ್ಷದ ಅವಧಿ ಅಚ್ಚಾಗಿರುತ್ತದೆ. ಅದು ಬಾಗಿಲು ತಟ್ಟಲು ಕೊಟ್ಟ ಅನುಮತಿ, ಮನೆಯಲ್ಲಿ ಇರಲು ಕೊಟ್ಟದ್ದಲ್ಲ. ಎಷ್ಟು ದಿನ ಇರಬಹುದೆಂಬುದು ಐ-94 ಎಂಬ ದಾಖಲೆಯಲ್ಲಿದೆ, ಪ್ರವಾಸಿಗಳಿಗೆ ಸಾಮಾನ್ಯವಾಗಿ ಆರು ತಿಂಗಳು. ವಿಸ್ತರಣೆಗೆ ಅರ್ಜಿಯನ್ನೂ ಹಾಕದೆ ಆ ದಿನಾಂಕ ದಾಟಿದರೆ, 10 ವರ್ಷದ ಆ ವೀಸಾ ತಾನಾಗಿಯೇ ರದ್ದು. ಮೊಮ್ಮಗುವಿನ ಹುಟ್ಟುಹಬ್ಬ ಮುಗಿಸಿಕೊಂಡು ಹೋಗೋಣ ಎಂದು ಎರಡು ವಾರ ಹೆಚ್ಚು ಉಳಿದ ಅಜ್ಜಿಗೂ ಇದೇ ನಿಯಮ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಹೊರಟವರ ಲೆಕ್ಕ ಇಡುವವರು ಯಾರು? ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ವಲಸೆ ಕೌಂಟರ್ ಇಲ್ಲ. ವಿಮಾನ ಸಂಸ್ಥೆ ಕಳಿಸುವ ಪ್ರಯಾಣಿಕರ ಪಟ್ಟಿಯೇ ಆಧಾರ. ಈಚೆಗೆ ವಿಮಾನ ಹತ್ತುವಲ್ಲಿ ಮುಖದ ಫೋಟೊ ತೆಗೆಯುವುದೂ ಸೇರಿದೆ. ಬಂದವರ ಜೊತೆ ಹೋದವರನ್ನೂ ದಾಖಲಿಸಬೇಕೆಂದು ಅದೇ 1996ರ ಕಾಯ್ದೆ ಹೇಳಿತ್ತು. ಕಾರಿನಲ್ಲಿ ಮೆಕ್ಸಿಕೊದತ್ತ ಗಡಿ ದಾಟಿದವರ ಲೆಕ್ಕ ಇಂದಿಗೂ ಸರಿಯಾಗಿ ಕೂಡಿಬಂದಿಲ್ಲ. ಆ ದಾರಿಯಲ್ಲಿ ಹೊರಟವರು ಹೋದದ್ದಕ್ಕೆ ಏನಾದರೊಂದು ಪುರಾವೆ ಇಟ್ಟುಕೊಳ್ಳಿ, ಹೋಟೆಲ್ ರಸೀದಿಯಾದರೂ ಆದೀತು.