ಶಾಲೆಗೆ ಬರುವ ದೊಡ್ಡವರು: ಯಾರ ಕಾಗದ ಯಾರು ನೋಡಬೇಕು?

ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಹತ್ತಿರ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಲೆಗಳಲ್ಲಿ ಹೊರಗಿನವರ ಓಡಾಟ ಜಾಸ್ತಿ. ಯಕ್ಷಗಾನದ ಹೆಜ್ಜೆ ಕಲಿಸಲು ಒಬ್ಬರು, ಹಾಡು ಹೇಳಿಕೊಡಲು ಇನ್ನೊಬ್ಬರು, ವೇಷ ಕಟ್ಟಲು ನಾಲ್ಕಾರು ತಾಯಂದಿರು, ಮೈಕ್‌ಸೆಟ್ಟಿನ ಹುಡುಗರು. ಇವರಿಗೆ ಸಂಬಳವಿಲ್ಲ, ನೇಮಕದ ಆದೇಶವೂ ಇಲ್ಲ. ಈಚಿನ ವರ್ಷಗಳಲ್ಲಿ ಪಾಲಕರ ವಾಟ್ಸಾಪ್ ಗ್ರೂಪುಗಳಲ್ಲಿ ಇವರ ಬಗ್ಗೆಯೇ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇವರಿಗೂ ಪೊಲೀಸ್ ವೆರಿಫಿಕೇಶನ್ ಬೇಕಾ? ಒಬ್ಬರು ಕಡ್ಡಾಯ ಅನ್ನುತ್ತಾರೆ. ಇನ್ನೊಬ್ಬರು "ನಮ್ಮೂರ ಭಾಗವತರಿಗೆ ಎಂಥ ವೆರಿಫಿಕೇಶನ್ ಮಾರಾಯ್ರೇ" ಅನ್ನುತ್ತಾರೆ. ಮೂರನೆಯವರು ಬೆಂಗಳೂರಿನ ಯಾವುದೋ ಶಾಲೆಯ ಸುತ್ತೋಲೆಯನ್ನು ಫಾರ್ವರ್ಡ್ ಮಾಡುತ್ತಾರೆ. ಮುಖ್ಯ ಶಿಕ್ಷಕರು ಸುಮ್ಮನಿರುತ್ತಾರೆ. ಅವರ ಕಪಾಟಿನಲ್ಲಿರುವ ಕಾಗದಗಳಲ್ಲೂ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ.

ಇದು ಇಷ್ಟು ಸಿಕ್ಕುಸಿಕ್ಕಾದದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

1956ರವರೆಗೆ ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿತ್ತು. ಕನ್ನಡ ಶಾಲೆ ಅಂದರೆ ಊರವರು ಜಾಗ ಕೊಟ್ಟು, ಮರ ಕೊಟ್ಟು, ಮಣ್ಣು ಹೊತ್ತು ಕಟ್ಟಿಕೊಂಡದ್ದು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಕರಾವಳಿಯಲ್ಲಿ ಹೈಸ್ಕೂಲುಗಳನ್ನು ತೆರೆದಾಗಲೂ ಊರವರ ಬೆಂಬಲ ಬೆನ್ನಿಗಿತ್ತು. ಹಾಗೆ ಕಟ್ಟಿದ ಶಾಲೆಗೆ ಊರವನೊಬ್ಬ ಬಂದರೆ "ನೀನು ಯಾರು" ಅಂತ ಕೇಳುವ ಪ್ರಶ್ನೆಯೇ ಬರಲಿಲ್ಲ. ಮುಂದಿನ ನಾಲ್ಕೈದು ದಶಕಗಳೂ ಹಾಗೆಯೇ ಕಳೆದವು.

ಊರಿನ ಈ ಬರುಹೋಗುವಿಕೆಗೆ ಸರ್ಕಾರಿ ಮೊಹರು ಬಿದ್ದದ್ದು 2001ರಲ್ಲಿ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ ರಾಜ್ಯ ಸರ್ಕಾರ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ರಚಿಸಲು ಆದೇಶ ಹೊರಡಿಸಿತು. ಪಾಲಕರೇ ತಮ್ಮೊಳಗಿನವರನ್ನು ಆರಿಸಿ ಸಮಿತಿಗೆ ಕಳಿಸುವ ಪದ್ಧತಿ ಬಂತು. ಮರುವರ್ಷ ಅಕ್ಷರ ದಾಸೋಹ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ, 2003ಕ್ಕೆ ಇಡೀ ರಾಜ್ಯಕ್ಕೆ ಹಬ್ಬಿತು. ಬಿಸಿಯೂಟಕ್ಕೆ ಊರಿನ ಹೆಂಗಸರು ಅಡುಗೆಗೆ ಬಂದರು. ಸರ್ಕಾರದ ಲೆಕ್ಕದಲ್ಲಿ ಅವರು ಇಂದಿಗೂ ಗೌರವಧನದ ಮೇಲಿರುವ ಕಾರ್ಯಕರ್ತೆಯರು.

ಆ ವರ್ಷಗಳು ನನಗೆ ಚೆನ್ನಾಗಿ ಗೊತ್ತು. ಶಿರಸಿ ತಾಲೂಕಿನ ಒಂದು ಹಳ್ಳಿ ಶಾಲೆಯ ಸಮಿತಿಯಲ್ಲಿ ನಾನೂ ಇದ್ದೆ. ಮಾಸ್ತರು ಒಬ್ಬರು, ಅಕ್ಕೋರು (ಶಿಕ್ಷಕಿ) ಒಬ್ಬರು, ಐದು ತರಗತಿ. ಮಾಸ್ತರು ಮೀಟಿಂಗಿಗೆ ಅಂತ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋದ ದಿನ ಅಕ್ಕೋರು ಒಬ್ಬರೇ. ಅವತ್ತು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಯಾರಾದರೂ ಹುಡುಗಿ ಬಂದು ಒಂದನೇ ಎರಡನೇ ತರಗತಿಯ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದಳು. ಮಳೆಗಾಲಕ್ಕೆ ಮೊದಲು ಹಂಚು ಸರಿ ಮಾಡಲು, ಅಂಗಳದ ಹುಲ್ಲು ಕೊಯ್ಯಲು, ಸೋರುವ ಕೋಣೆಯಿಂದ ಬೆಂಚು ಸಾಗಿಸಲು ಜನ ಬರುತ್ತಿದ್ದರು. ಜೂನ್, ಜುಲೈನಲ್ಲಿ ನೋಟ್‌ಬುಕ್ ಹಂಚುವ ದಾನಿಗಳು. ಆಗಾಗ ಜಾದೂ ಮಾಡುವವರು, ತಲೆಗೆ ಎರಡು ರೂಪಾಯಿ. ಯಾವ ಊರಿನವರು ಅಂತ ಕೇಳಿದರೆ ಹುಬ್ಬಳ್ಳಿ ಕಡೆ ಅನ್ನುತ್ತಿದ್ದರು. ಅಷ್ಟಕ್ಕೇ ಪರಿಶೀಲನೆ ಮುಗಿಯುತ್ತಿತ್ತು.

ಮಾಸ್ತರ ಮೇಜಿನ ಮೇಲೆ ಕೆಂಪು ಬೈಂಡಿನ ಒಂದು ಸಂದರ್ಶಕರ ಪುಸ್ತಕ ಇರುತ್ತಿತ್ತು. ಒಮ್ಮೆ ಸಭೆಗೆ ಕೋರಂ ಆಗದೆ ಕಾಯುತ್ತಾ ಕೂತಾಗ ಅದನ್ನು ತಿರುವಿ ಹಾಕಿದೆ. ಬಿಇಒ, ಸಿಆರ್‌ಪಿ, ತಾಲೂಕು ಪಂಚಾಯ್ತಿ ಸದಸ್ಯರು. "ಶಾಲೆ ನೋಡಿ ಸಂತೋಷವಾಯಿತು." "ಮಕ್ಕಳ ಕಲಿಕೆ ತೃಪ್ತಿಕರ." ನೋಟ್‌ಬುಕ್ ಕೊಟ್ಟವರ ಹೆಸರು ಊರು, ವಿಳಾಸ, ಹುದ್ದೆ ಸಮೇತ. ವರ್ಷಕ್ಕೊಮ್ಮೆ ಬಂದು ಹೋದವರೆಲ್ಲ ಅದರಲ್ಲಿದ್ದರು. ಮತ್ತೆ ಮತ್ತೆ ಬಂದು ಮಕ್ಕಳ ಜೊತೆ ಕೂರುತ್ತಿದ್ದ ಹುಡುಗಿಯ ಹೆಸರು ಒಂದು ಸಲವೂ ಇರಲಿಲ್ಲ. ಜಾದೂ ಮಾಡಿದವರದೂ ಇರಲಿಲ್ಲ. ಯಾರು ಮಕ್ಕಳ ಹತ್ತಿರ ಎಷ್ಟು ಹೊತ್ತು ಇದ್ದರು ಅನ್ನುವುದಕ್ಕೂ ಆ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ. ನಮ್ಮ ಸಮಿತಿ ಅದನ್ನು ಚರ್ಚಿಸಲೂ ಇಲ್ಲ. ಕಂಪೌಂಡು, ಶೌಚಾಲಯ, ಗ್ಯಾಸ್ ಸಿಲಿಂಡರ್, ಇವುಗಳಲ್ಲೇ ಸಭೆ ಮುಗಿಯುತ್ತಿತ್ತು.

ಹಾಗಂತ ಸುತ್ತಮುತ್ತ ಯಾರಿಗೂ ಎಚ್ಚರಿಕೆಯ ಗಂಟೆ ಕೇಳಿಸಿರಲಿಲ್ಲ ಅಂತಲ್ಲ. ಕಾರವಾರದಿಂದ ರೈಲಿನಲ್ಲಿ ಒಂದು ಗಂಟೆ ದೂರದ ಗೋವಾದ ಮಡಗಾಂವದಲ್ಲಿ, ಗಂಡುಮಕ್ಕಳ ಆಶ್ರಮ ನಡೆಸುತ್ತಿದ್ದ ಹಿರಿಯನೊಬ್ಬ ಆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ 1991ರಲ್ಲಿ ಬಂಧನಕ್ಕೊಳಗಾಗಿದ್ದ. ನೆರೆಹೊರೆಯವರ ಕಣ್ಣಿಗೆ ಅವನು ಅನಾಥರನ್ನು ಸಾಕುವ ಪುಣ್ಯಾತ್ಮ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಮುಂದೆ ಗೋವಾ 2003ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ಆದರೆ ಕಾಳಿ ನದಿಯ ಈಚೆ ದಡದಲ್ಲಿ ಅದನ್ನು ಪ್ರವಾಸಿಗರ ಊರಿನ ರಗಳೆ ಅಂತಲೇ ನೋಡಲಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಪಾಲಕರಿಗೆ ಇನ್ನಷ್ಟು ಜಾಗ ಕೊಟ್ಟಿತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು. ಶಾಲೆಗೆ ಬಂದುಹೋಗುವ ಉಳಿದ ದೊಡ್ಡವರ ವಿಷಯ ಅದರ ಕಣ್ಣಿಗೆ ಬೀಳಲಿಲ್ಲ. ಆ ವಿಷಯ ಬಂದದ್ದು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬಂದ ಮೇಲೆ. ಆ ಕಾಯ್ದೆ 2012ರ ನವೆಂಬರ್ 14ರಂದು ಜಾರಿಯಾಯಿತು. ಶಾಲೆಯ ಆಡಳಿತದವರು ಅಥವಾ ಸಿಬ್ಬಂದಿಯೇ ಅಪರಾಧ ಮಾಡಿದರೆ ಶಿಕ್ಷೆ ಹೆಚ್ಚು. ಆದರೆ ಅದು ಅಪರಾಧ ಆದ ಮೇಲಿನ ಮಾತು. ಮೊದಲೇ ತಡೆಯುವುದು ಹೇಗೆ?

ಆ ಪ್ರಶ್ನೆಯನ್ನು ರಾಜ್ಯದ ಮುಂದೆ ಇಟ್ಟದ್ದು 2014ರ ಜುಲೈ. ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದ ಆರೋಪ ಕೇಳಿಬಂದು, ಪಾಲಕರು ಬೀದಿಗಿಳಿದರು. ಆರೋಪ ಬಂದದ್ದು ಶಾಲೆಯ ಸಿಬ್ಬಂದಿಯ ಮೇಲೆ. ಆಮೇಲೆ ಪೊಲೀಸ್ ಪರಿಶೀಲನೆ, ಸಿಸಿಟಿವಿ, ಬಸ್ಸಿನಲ್ಲಿ ಮಹಿಳಾ ಸಹಾಯಕಿ ಎಂದೆಲ್ಲ ಮಾರ್ಗಸೂಚಿಗಳು ಬಂದವು. 2016ರಲ್ಲಿ ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂತು. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯಲ್ಲಿ ಬಾಲಕನೊಬ್ಬನ ಕೊಲೆಯಾದಾಗ, ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮುಗಿಸಿ ಅಂತ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಬರೆಯಿತು.

ನಮ್ಮ ಜಿಲ್ಲೆಯಲ್ಲಿ ಇದರ ಬಿಸಿ ಒಂದೇ ತೆರನಾಗಿ ತಟ್ಟಲಿಲ್ಲ. ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆಯ ಸುತ್ತಲಿನ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಗೇಟು, ಗುರುತಿನ ಚೀಟಿ, ರಿಜಿಸ್ಟರ್ ಮೊದಲೇ ಇದ್ದವು. ಜೋಯಿಡಾ, ಯಲ್ಲಾಪುರದ ಒಳಗಿನ ಶಾಲೆಗಳಿಗೆ ಗೇಟೇ ಇರಲಿಲ್ಲ. ಎಷ್ಟೋ ಕಡೆ ದನ ಬರದಂತೆ ಬೇಲಿ ಕಟ್ಟಿಕೊಟ್ಟವರೂ ಅದೇ ಊರವರು. ಸುತ್ತೋಲೆ ಬರೆದವರ ಮನಸ್ಸಿನಲ್ಲಿದ್ದದ್ದು ದೊಡ್ಡ ಊರಿನ, ಸಾವಿರ ಮಕ್ಕಳ ಶಾಲೆ. ಓದಿದವರಲ್ಲಿ ಎಷ್ಟೋ ಜನ ಹತ್ತಿಪ್ಪತ್ತು ಮಕ್ಕಳ ಶಾಲೆಯವರು.

ಸದ್ಯ ಎಲ್ಲರೂ ಬೆರಳು ಮಾಡಿ ತೋರಿಸುವ ನಿಯಮ ಬಂದದ್ದು 2020ರ ಮಾರ್ಚ್ 9ರಂದು. ಪೋಕ್ಸೊ ನಿಯಮಗಳನ್ನು ಅವತ್ತು ಹೊಸದಾಗಿ ಪ್ರಕಟಿಸಲಾಯಿತು. ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ, ಹೀಗೆ ಮಕ್ಕಳೊಡನೆ ಒಡನಾಡುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ಹಿನ್ನೆಲೆ ಪರಿಶೀಲನೆಯನ್ನೂ ಆಗಾಗ ಮಾಡಿಸಬೇಕು. ಪಾಠ ಮಾಡುವವರಿರಲಿ, ಇತರರಿರಲಿ, ಕಾಯಂ ಇರಲಿ, ಗುತ್ತಿಗೆ ಇರಲಿ. ಮಕ್ಕಳ ಸುರಕ್ಷತೆಯ ಬಗ್ಗೆ ಅವರಿಗೆ ತರಬೇತಿಯನ್ನೂ ಕೊಡಿಸಬೇಕು. ಆದರೆ ನಿಯಮ ಮಾತಾಡುವುದು ಸಂಸ್ಥೆಯ ನೌಕರರ ಬಗ್ಗೆ. ಸಂಬಳವಿಲ್ಲದೆ ಬರುವವರ ಮಾತು ಅದರಲ್ಲಿ ಇಲ್ಲ. ವಾಟ್ಸಾಪ್ ಜಗಳದ ಬೇರು ಇರುವುದು ಇಲ್ಲಿಯೇ. ಕಡ್ಡಾಯ ಅನ್ನುವವರೂ ಇದೇ ಸಾಲನ್ನು ತೋರಿಸುತ್ತಾರೆ, ಬೇಡ ಅನ್ನುವವರೂ ಇದನ್ನೇ.

ನಿಯಮ ಬಂದ ಸಮಯವೂ ವಿಚಿತ್ರ. ಎರಡು ವಾರ ಕಳೆಯುವುದರೊಳಗೆ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿತ್ತು. ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ಶಾಲೆ ಮುಚ್ಚಿತ್ತು, ಪಾಠ ದೇವಸ್ಥಾನದ ಜಗಲಿಗೆ, ಸಮುದಾಯ ಭವನಕ್ಕೆ, ಯಾರದೋ ಮನೆಯ ಅಂಗಳಕ್ಕೆ ಬಂತು. ನೆಟ್‌ವರ್ಕ್ ಸಿಗದ ಘಟ್ಟದ ಊರುಗಳಲ್ಲಿ ಮಕ್ಕಳು ಗುಡ್ಡ ಹತ್ತಿ ಮೊಬೈಲ್ ಹಿಡಿದು ಕೂರುತ್ತಿದ್ದರು. ಮೊಬೈಲ್ ಯಾರದು, ಜೊತೆಗೆ ಯಾರಿದ್ದಾರೆ ಅಂತ ನೋಡಿದವರು ಕಡಿಮೆ. ಊರಿಗೆ ಮರಳಿದ್ದ ಓದಿದ ಹುಡುಗರು ಹುಡುಗಿಯರು ಪಾಠ ಹೇಳಿಕೊಟ್ಟರು, ಮಕ್ಕಳಿಗೆ ಅದರಿಂದ ಉಪಕಾರವೇ ಆಯಿತು. ಸೋಂಕು ಹರಡಿ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು, ಮತ್ತೆ ಶುರುವಾಯಿತು. ಒಂದರಿಂದ ಐದನೇ ತರಗತಿಯವರು ಶಾಲೆಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಮಕ್ಕಳ ಸುತ್ತ ಇರುವ ದೊಡ್ಡವರನ್ನು ನೋಡಿಕೊಳ್ಳಿ ಅಂತ ನಿಯಮ ಬಂದ ವರ್ಷವೇ ಮಕ್ಕಳು ಎಲ್ಲ ಗೋಡೆಗಳ ಆಚೆ ಇದ್ದರು. ಬಾಗಿಲು ತೆರೆದಾಗ ಮಾಸ್ಕ್, ಸ್ಯಾನಿಟೈಸರ್, ಮರೆತ ಮಗ್ಗಿ ಮುಖ್ಯವಾದವು. ಆ ನಿಯಮ ಕಡತದಲ್ಲೇ ಉಳಿಯಿತು.

ಇನ್ನೊಂದು ಕಡೆಯಿಂದ ಬಾಗಿಲನ್ನು ಅಗಲ ತೆರೆಯುವ ಕೆಲಸವೂ ನಡೆದಿತ್ತು. ಸ್ವಯಂಸೇವಕರನ್ನು ಶಾಲೆಗೆ ಜೋಡಿಸುವ ಕೇಂದ್ರದ ವಿದ್ಯಾಂಜಲಿ ಯೋಜನೆ 2016ರ ಜೂನ್‌ನಲ್ಲಿ ಬಂತು, 2021ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಬನ್ನಿ, ಕಲಿಸಿ, ಕೊಡಿ ಎಂಬ ಕರೆ ಒಂದು ಕಡೆ. ಪರಿಶೀಲಿಸಿ, ದಾಖಲಿಸಿ ಎಂಬ ತಾಕೀತು ಇನ್ನೊಂದು ಕಡೆ. ಎರಡೂ ಬಂದು ಬೀಳುವುದು ಒಂದೇ ಮೇಜಿನ ಮೇಲೆ, ಮುಖ್ಯ ಶಿಕ್ಷಕರದ್ದು. ಅವರಿಗೆ ಗುಮಾಸ್ತರೂ ಇರುವುದಿಲ್ಲ.

ಹಾಗಾದರೆ ಎಲ್ಲರಿಗೂ ಪೊಲೀಸ್ ಪರಿಶೀಲನೆ ಮಾಡಿಸಿಬಿಟ್ಟರೆ ಆಯಿತು, ಅಲ್ವಾ? ಆ ಕಾಗದ ಏನು ಹೇಳುತ್ತದೆ ಅಂತ ನೋಡಬೇಕು. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದರೆ ಅದು ಠಾಣೆಗೆ ಹೋಗುತ್ತದೆ. ವ್ಯಕ್ತಿಯ ಮೇಲೆ ಕೇಸ್ ದಾಖಲಾಗಿದೆಯೇ ಅಂತ ನೋಡುತ್ತಾರೆ. ಯಾರೂ ದೂರು ಕೊಡದಿದ್ದರೆ ಕಾಗದ ಸ್ವಚ್ಛ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ ವರ್ಷ ವರ್ಷವೂ ಕಾಣುವುದು ಒಂದೇ ಸಂಗತಿ. ಪೋಕ್ಸೊ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವರೇ. ಗೊತ್ತಿದ್ದವರ ಮೇಲೆ ದೂರು ಕೊಡುವುದು ಹಳ್ಳಿಯಲ್ಲಿ ಎಷ್ಟು ಸುಲಭ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ದೇಶದ ಲೈಂಗಿಕ ಅಪರಾಧಿಗಳ ದತ್ತಾಂಶ ಕೋಶ 4.4 ಲಕ್ಷಕ್ಕೂ ಹೆಚ್ಚು ನಮೂದುಗಳೊಡನೆ ಶುರುವಾಯಿತು. ಅದನ್ನು ನೋಡಲು ಆಗುವುದು ತನಿಖಾ ಸಂಸ್ಥೆಗಳಿಗೆ ಮಾತ್ರ. ಶಾಲೆಗೆ ಅದು ತೆರೆಯುವುದಿಲ್ಲ.

ಖರ್ಚು ಬೀಳುವುದು ಯಾರ ಮೇಲೆ ಅನ್ನುವುದೂ ಮುಖ್ಯ. ಜೋಯಿಡಾದ ಒಳಗಿನ ಹಳ್ಳಿಯಿಂದ ಠಾಣೆಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ವೇಷ ಕಟ್ಟಲು ಬರುವ ತಾಯಿಗೆ ಕಾಗದ ತಾ ಅಂದರೆ ಮುಂದಿನ ಸಲ ಆಕೆ ಬರುವುದಿಲ್ಲ. ಕಾರಿನಲ್ಲಿ ಬಂದು ನೋಟ್‌ಬುಕ್ ಹಂಚಿ, ಮಕ್ಕಳನ್ನು ಮಧ್ಯ ನಿಲ್ಲಿಸಿಕೊಂಡು ಫೋಟೋ ಹೊಡೆಸಿಕೊಳ್ಳುವವರಿಗೆ ಕಾಗದ ಕೇಳುವ ಧೈರ್ಯ ಯಾವ ಮಾಸ್ತರಿಗಿದೆ? ಅವರಿಗೆ ಶಾಲು, ಹಾರ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದದ್ದು ಬ್ರಿಟನ್. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಶಾಲೆಯೊಂದರ ಕೇರ್‌ಟೇಕರ್ ಇಬ್ಬರು ಹುಡುಗಿಯರನ್ನು ಕೊಂದ. ಅವನ ಮೇಲಿನ ಹಳೆಯ ಆರೋಪಗಳು ಬೇರೆ ಊರಿನ ಪೊಲೀಸರಿಗೆ ಗೊತ್ತಿದ್ದವು, ಶಾಲೆಗೆ ತಲುಪಿರಲಿಲ್ಲ. ವಿಚಾರಣೆ ನಡೆದು 2006ರಲ್ಲಿ ಬಿಗಿ ಕಾನೂನು ಬಂತು. ಲಕ್ಷಗಟ್ಟಲೆ ಸ್ವಯಂಸೇವಕರೂ ನೋಂದಾಯಿಸಬೇಕು ಎಂದಾದಾಗ 2009ರಲ್ಲಿ ದೊಡ್ಡ ಗಲಾಟೆಯಾಯಿತು. ಮಕ್ಕಳಿಗೆ ಕತೆ ಓದಲು ಹೋಗುತ್ತಿದ್ದ ಹೆಸರಾಂತ ಲೇಖಕರೇ ಇನ್ನು ಶಾಲೆಗೆ ಬರುವುದಿಲ್ಲ ಅಂದರು. 2010ರಲ್ಲಿ ಯೋಜನೆಗೆ ತಡೆ ಬಿತ್ತು, 2012ರಲ್ಲಿ ಹಗುರಾಯಿತು. ಶಿಕ್ಷಕರ ಕಣ್ಣಳತೆಯಲ್ಲಿ ಕೆಲಸ ಮಾಡುವವರನ್ನೂ, ಮಕ್ಕಳೊಡನೆ ಪದೇ ಪದೇ ಒಬ್ಬರೇ ಇರುವವರನ್ನೂ ಅಲ್ಲಿ ಬೇರೆ ಮಾಡಿದರು. ಬಿಗಿ ಎರಡನೆಯವರಿಗೆ. ಸ್ವಯಂಸೇವಕರಾದರೆ ಪರಿಶೀಲನೆಗೆ ಶುಲ್ಕವೂ ಇಲ್ಲ. ನಮ್ಮಲ್ಲಿ ಈ ವಿಂಗಡಣೆಯ ಮಾತೇ ಬರಲಿಲ್ಲ. ಚರ್ಚೆ ಕಾಗದ ಬೇಕೋ ಬೇಡವೋ ಎಂಬಲ್ಲೇ ಸಿಕ್ಕಿಕೊಂಡಿದೆ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಜೊತೆಗೆ ಶಿಕ್ಷಕರಿದ್ದರು. ಅದು ಹಿನ್ನೆಲೆ ಪರಿಶೀಲನೆಯ ವಿಷಯವಲ್ಲ. ಆದರೆ ಪ್ರವಾಸಕ್ಕೆ ಜೊತೆಯಲ್ಲಿ ದೊಡ್ಡವರು ಎಷ್ಟು ಜನ, ಯಾರ ಹೊಣೆ ಯಾರದು ಅಂತ ಪಾಲಕರು ಕೇಳತೊಡಗಿದ್ದು ಆಮೇಲೆ. ಆಗ ಶಾಲೆಗಳು ಮೊದಲು ಹುಡುಕುವುದು ಜೊತೆಗೆ ಬರಲು ಒಪ್ಪುವ ಪಾಲಕರನ್ನೇ.

ಸದ್ಯಕ್ಕೆ ಶಾಲೆಗೊಂದು ಪದ್ಧತಿ. ಒಂದು ಕಡೆ ಆಧಾರ್ ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಕಡೆ ಎಸ್‌ಡಿಎಂಸಿ ಅಧ್ಯಕ್ಷರು ಹೇಳಿದರೆ ಸಾಕು. ಮತ್ತೊಂದು ಕಡೆ ಯಾರನ್ನೂ ಒಳಗೆ ಬಿಡುವುದೇ ಇಲ್ಲ, ಅಲ್ಲಿ ಯಕ್ಷಗಾನವೂ ನಿಂತಿದೆ. ಅಭ್ಯಾಸವನ್ನು ಬಾಗಿಲು ತೆರೆದ ಕೋಣೆಯಲ್ಲೋ ಜಗಲಿಯಲ್ಲೋ ಮಾಡಿಸಿ, ಒಬ್ಬ ಅಕ್ಕೋರು ಅಲ್ಲೇ ಕೂತು ನೋಟ್‌ಬುಕ್ ತಿದ್ದುವ ಶಾಲೆಗಳೂ ಇವೆ. ಅದಕ್ಕೆ ಸುತ್ತೋಲೆ ಬೇಕಾಗಿಲ್ಲ. ಎರಡನೇ ಅಕ್ಕೋರು ಬೇಕು, ಏಕೋಪಾಧ್ಯಾಯ ಶಾಲೆಗಳಲ್ಲಿ ಅವರು ಇಲ್ಲ.

ಕಾನೂನಿನ ಇನ್ನೊಂದು ಮಗ್ಗುಲು ಈ ಚರ್ಚೆಯಲ್ಲಿ ಕೇಳಿಸುವುದೇ ಇಲ್ಲ. ಪರಿಶೀಲನೆಯ ನಿಯಮದಲ್ಲಿ ಇಲ್ಲದ ಸ್ವಯಂಸೇವಕರು ದೂರಿನ ನಿಯಮದಲ್ಲಿ ಇದ್ದಾರೆ. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೆಜ್ಜೆ ಕಲಿಸಲು ಬಂದವರಿಗೆ, ವೇಷ ಕಟ್ಟಲು ಬಂದ ತಾಯಿಗೆ, ಪ್ರವಾಸಕ್ಕೆ ಹೊರಟ ಅಪ್ಪನಿಗೆ ಇದನ್ನು ಕೂರಿಸಿ ಹೇಳಲು ಅರ್ಧ ಗಂಟೆ ಸಾಕು. ಗೋಡೆಯ ಮೇಲೆ ಬರೆದಿರುವ ಮಕ್ಕಳ ಸಹಾಯವಾಣಿ 1098 ಯಾತಕ್ಕೆ ಅಂತ ಹೇಳಲು ಇನ್ನೊಂದು ಐದು ನಿಮಿಷ. ಆ ಮಾತು ಎಸ್‌ಡಿಎಂಸಿ ಸಭೆಯ ಅಜೆಂಡಾಕ್ಕೆ ಇನ್ನೂ ಬಂದಂತಿಲ್ಲ.