ಮಾಳಿಗೆಗೆ ಸುಣ್ಣ ಬಳಿದರೆ ಮನೆ ತಂಪಾಗುತ್ತದೆಯೇ?

ಪ್ರಶ್ನೆ: ನಾವಿರುವುದು ಕಲಬುರಗಿಯಲ್ಲಿ. ನಮ್ಮ ಓಣಿಯಲ್ಲಿ ಅರ್ಧ ಆರ್‌ಸಿಸಿ ಮನೆ, ಉಳಿದವು ಸಿಮೆಂಟ್ ಶೀಟ್ ಇಲ್ಲವೇ ಪತ್ರಾ (ತಗಡು). ಏಪ್ರಿಲ್ ಬಂತೆಂದರೆ ವಯಸ್ಸಾದವರಿಗೆ ರಾತ್ರಿಯೂ ನಿದ್ದೆ ಇಲ್ಲ. ಎಲ್ಲರೂ ವಂತಿಗೆ ಕೂಡಿಸಿ ಮಾಳಿಗೆಗಳಿಗೆ ಸುಣ್ಣ ಬಳಿಯಬೇಕೆಂದಿದ್ದೇವೆ. ಉಪಯೋಗವಾದೀತೇ, ದುಡ್ಡು ದಂಡವೇ?

ಉತ್ತರ: ಉಪಯೋಗವಿದೆ, ಆದರೆ ಮೂರೂ ಬಗೆಯ ಛಾವಣಿಗೆ ಒಂದೇ ಸುಣ್ಣ ಬಳಿದರೆ ಪತ್ರಾ ಮನೆಯವರ ದುಡ್ಡು ದಂಡವೇ. ಸರಿಯಾಗಿ ಬಳಿದ ಬಿಳಿ ಛಾವಣಿಯ ಕೆಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಹೊರಗೆ 43 ಡಿಗ್ರಿ ಇರುವಾಗ ಒಳಗೆ ಚಳಿ ಹುಟ್ಟುವುದಿಲ್ಲ. ಆದರೂ ಮುದುಕರಿಗೆ, ಎಳೆಗೂಸುಗಳಿಗೆ ಅಷ್ಟು ಇಳಿಕೆಯೂ ದೊಡ್ಡದು.

ಬೂದು ಬಣ್ಣದ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಸುಣ್ಣ ಬಳಿದ ಮೇಲ್ಮೈ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಆರ್‌ಸಿಸಿ ದಪ್ಪವಿರುವುದರಿಂದ ಹಗಲಿನ ಕಾವು ಒಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಸಂಜೆ ಹೊರಗೆ ಗಾಳಿ ತಣ್ಣಗಾದರೂ ಮಲಗುವ ಹೊತ್ತಿಗೆ ಛಾವಣಿ ಕಾದ ಹಂಚಿನಂತಿರುತ್ತದೆ. ನಿಮ್ಮ ಓಣಿಯವರಿಗೆ ನಿದ್ದೆ ಬಾರದಿರುವುದು ಇದರಿಂದಲೇ. ಹಗಲೆಲ್ಲ ಬೆಂದ ದೇಹ ರಾತ್ರಿ ತಣಿಯದಿದ್ದರೆ ಹೃದಯ, ಮೂತ್ರಪಿಂಡಗಳ ಮೇಲಿನ ಭಾರ ಮರುದಿನಕ್ಕೂ ಮುಂದುವರಿಯುತ್ತದೆ. ಶೀಟು, ಪತ್ರಾಗಳ ಕಥೆ ಬೇರೆ: ತೆಳುವಾದ್ದರಿಂದ ಮಧ್ಯಾಹ್ನವೇ ಕೆಳಗಿನವರನ್ನು ಸುಡುತ್ತವೆ, ರಾತ್ರಿ ಬೇಗ ಆರುತ್ತವೆ. ಹಗಲು ಮನೆಯಲ್ಲೇ ಉಳಿಯುವ ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ಶೀಟ್ ಮನೆಯೇ ಹೆಚ್ಚು ಅಪಾಯ.

ಇದು ಬರೀ ಸೆಖೆಯ ಮಾತಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆಸುಪಾಸಿನ ವರ್ಷಗಳ ಮೇ ತಿಂಗಳಿಗಿಂತ 1,344 ಸಾವು ಹೆಚ್ಚು ಸಂಭವಿಸಿದವು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಯೋಜನೆಯನ್ನೇ ರೂಪಿಸಿತು. ಮುಂದೆ ಬಡಾವಣೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿ ನೀತಿ ತಂದಿದೆ. ನಿಮ್ಮ ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ, ಒಳ್ಳೆಯದೇ. ಆದರೆ ಶೀಟಿನ ಕೆಳಗೆ ಕೂತವರಿಗೆ ಕಚೇರಿ ಬಿಟ್ಟರೇನು, ತೆರೆದರೇನು.

ಇನ್ನು ಸುಣ್ಣ. ಸುಣ್ಣದ ಕಲ್ಲು 10 ಕಿಲೋಗೆ ನೀರು 50 ಲೀಟರ್. ಅಗಲ ಬಾಯಿಯ ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಕಲ್ಲಿನ ರಾಶಿಯ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಆ ಕಾವಿಗೆ ಮೆತ್ತಗಾಗಿ ಒಡೆಯಬಹುದು. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಕೈಗವಸು ಬೇಕೇ ಬೇಕು; ಮಕ್ಕಳು ಹತ್ತಿರ ಸುಳಿಯಬಾರದು. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ 20 ನಿಮಿಷವಾದರೂ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಸುಣ್ಣವನ್ನು ಕನಿಷ್ಠ 24 ಗಂಟೆ ನೆನೆಯಲು ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ. ಅವಸರಕ್ಕೆ ಬಿದ್ದು ಅದೇ ದಿನ ಬಳಿದರೆ ಅರೆಬೆಂದ ಹರಳುಗಳು ಛಾವಣಿಯ ಮೇಲೆ ಅರಳಿ ಸಿಪ್ಪೆ ಏಳುತ್ತದೆ.

ಅಂಟಿಗೆ ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸೇರಿಸಿ. ಸುಣ್ಣಕ್ಕೆ ಉಪ್ಪು ಹಾಕುವ ಹಳೆಯ ರೂಢಿ ಗೋಡೆಗೆ ಸರಿ, ಆರ್‌ಸಿಸಿ ಛಾವಣಿಗೆ ಬೇಡ. ಬಿರುಕಿನಿಂದ ಇಳಿದ ಉಪ್ಪು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನೀಲಿಯನ್ನೂ ಹಾಕಬೇಡಿ. ಅದು ಕಣ್ಣಿಗೆ ಬಿಳುಪು ತೋರುತ್ತದೆ, ಬಿಸಿಲನ್ನು ಹೆಚ್ಚೇನೂ ತಡೆಯುವುದಿಲ್ಲ.

ಬಹುತೇಕ ಕಡೆ ಕೆಲಸ ಕೆಡುವುದು ಬಳಿಯುವ ಹೊತ್ತಿನಲ್ಲಿ. ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ; ತೇವ ಇರುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಸುಡುಬಿಸಿಲಲ್ಲಿ ಬಳಿದರೆ ತೇವ ಆರಿ ಹೋಗಿ ಪುಡಿ ಉಳಿಯುತ್ತದೆ, ಕೈಯಾಡಿಸಿದರೆ ಕೈಗೇ ಬರುತ್ತದೆ. ಆದ್ದರಿಂದ ಶಿವರಾತ್ರಿ ಕಳೆದು ಯುಗಾದಿಯೊಳಗೆ, ಬಿಸಿಲು ಇಳಿದ ಮೇಲೆ ಬಳಿಯಿರಿ. ಮೊದಲು ಛಾವಣಿ ಗುಡಿಸಿ, ಪಾಚಿ ಉಜ್ಜಿ, ಬಿರುಕು ಮುಚ್ಚಿ, ನೀರು ಚಿಮುಕಿಸಿ. ಒಂದು ಕೋಟು ಉದ್ದಕ್ಕೆ, ಅದು ಆರಿದ ಮೇಲೆ ಇನ್ನೊಂದು ಅಡ್ಡಕ್ಕೆ, ಎರಡೂ ತೆಳ್ಳಗೆ. ಹೊಸ ಛಾವಣಿಗಾದರೆ ಮೂರು. ದಪ್ಪ ಕೋಟು ಬಿರಿಯುತ್ತದೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಹಗುರವಾಗಿ ನೀರು ಚಿಮುಕಿಸಿ. ಒರಟು ಛಾವಣಿ ಹೆಚ್ಚು ಕುಡಿಯುವುದರಿಂದ ಮೊದಲು ಒಂದೇ ಮನೆಗೆ ಬಳಿದು, ಎಷ್ಟು ಹಿಡಿಯಿತೆಂದು ಅಳೆದುಕೊಂಡು, ಆಮೇಲೆ ಓಣಿಗೆಲ್ಲ ಸುಣ್ಣ ತರಿಸಿ.

ಸಿಮೆಂಟ್ ಶೀಟಿಗೂ ಇದೇ ಸುಣ್ಣ ಹಿಡಿಯುತ್ತದೆ, ಆದರೆ ಅಪಾಯ ಎರಡು. ಶೀಟಿನ ಮೇಲೆ ನೇರ ಕಾಲಿಟ್ಟರೆ ಮುರಿದು ಬೀಳುತ್ತೀರಿ. ಕೆಳಗಿನ ಆಧಾರದ ತೊಲೆಗಳ ಮೇಲೆ ಭಾರ ಬೀಳುವಂತೆ ಹಲಗೆ ಹಾಸಿ ಅದರ ಮೇಲೆ ಕೂತು ಕೆಲಸ ಮಾಡಬೇಕು, ಇಲ್ಲವೇ ಏಣಿಯಿಂದ ಉದ್ದ ಹಿಡಿಯ ಬ್ರಷ್ ಬಳಸಬೇಕು. ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಹೊಸ ಶೀಟುಗಳಲ್ಲೂ ಇರಬಹುದು. ಒಣಗಿದ್ದಾಗ ತಂತಿ ಬ್ರಷ್ಷಿನಿಂದ ಉಜ್ಜಿದರೆ ಅದರ ಎಳೆ ಪುಪ್ಪುಸಕ್ಕೆ ಸೇರುತ್ತದೆ. ನೀರು ಹಾಕಿ ಮೆತ್ತಗಿನ ಪೊರಕೆಯಿಂದ ತೊಳೆದರೆ ಸಾಕು.

ಪತ್ರಾಕ್ಕೆ ಸುಣ್ಣ ಬೇಡವೇ ಬೇಡ. ನಿಲ್ಲುವುದಿಲ್ಲ, ಮೇಲಾಗಿ ಹಸಿ ಸುಣ್ಣ ತಗಡಿನ ಸತುವಿನ ಲೇಪವನ್ನೇ ತಿನ್ನುತ್ತದೆ. ಅಲ್ಲಿ ತುಕ್ಕು ತೆಗೆದು, ತಗಡಿನ ಪ್ರೈಮರ್ ಹೊಡೆದು, ಬಿಸಿಲು ತಡೆಯುವ ಬಿಳಿ ಅಕ್ರಿಲಿಕ್ ಬಣ್ಣ ಬಳಿಯಬೇಕು. ದುಬಾರಿ, ಆದರೆ ಕೆಲವು ವರ್ಷ ಬಾಳುತ್ತದೆ. ಸುಣ್ಣವೋ ಒಂದು ಮಳೆಗಾಲಕ್ಕೆ ಮಾಸಿ ಹೋಗುವಂಥದ್ದು, ವರ್ಷವರ್ಷ ಬಳಿಯಬೇಕು. ವಂತಿಗೆ ಕೂಡಿಸುವಾಗ ಈ ವ್ಯತ್ಯಾಸ ಮೊದಲೇ ಹೇಳಿಬಿಡಿ. ನಡುವೆ ತಕರಾರು ಏಳುವುದು ಇಲ್ಲೇ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಮಣ್ಣಿನ ಮಾಳಿಗೆಯ ಹಳೆಯ ಮನೆಗಳನ್ನು ಕೊನೆಗಿಡಿ, ದಪ್ಪ ಮಣ್ಣೇ ಅವಕ್ಕೆ ರಕ್ಷೆ.

ಯಾರ ಮನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದು ಪಟ್ಟಿ ಮಾಡಿ: ಒಂಟಿ ವೃದ್ಧರು, ಗರ್ಭಿಣಿಯರು, ವರ್ಷದೊಳಗಿನ ಕೂಸುಗಳು, ಬಿಪಿಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು. ಅದೇ ಪಟ್ಟಿ ಬೇಸಿಗೆಯಲ್ಲಿ ದಿನಕ್ಕೆರಡು ಸಲ ಬಾಗಿಲು ತಟ್ಟಿ ವಿಚಾರಿಸಲು ಉಪಯೋಗಕ್ಕೆ ಬರುತ್ತದೆ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲಗೊಂಡರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ನೆರಳಿಗೆ ತಂದು ಮೈಗೆಲ್ಲ ನೀರು ಹಾಕುತ್ತಾ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬಾರದು, ಉಸಿರುನಾಳಕ್ಕೆ ಇಳಿಯುತ್ತದೆ.

ಛಾವಣಿ ಬಿಳಿಯಾದ ಮೇಲೂ ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯಬೇಕು. ಮಧ್ಯಾಹ್ನದ ಗಾಳಿ ಒಳಬಂದರೆ ಸುಣ್ಣದ ಲಾಭ ಅಲ್ಲಿಗೇ ಮುಗಿಯಿತು. ಹಗಲು ತೆರೆಯಲೇಬೇಕಾದ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ನಿಮ್ಮ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಮಂಗಳೂರಿನ ಕಡೆಯವರು ಮಾಡಿದರೆ ಸೆಖೆ ಇನ್ನಷ್ಟು ಹೆಚ್ಚೀತು.

ಲಾಭ ಆಯಿತೋ ಇಲ್ಲವೋ ಎಂದು ವಾದ ಮಾಡುವ ಬದಲು ಎರಡು ಥರ್ಮಾಮೀಟರ್ ತನ್ನಿ. ಒಂದೇ ಬಗೆಯ ಎರಡು ಮನೆ, ಒಂದಕ್ಕೆ ಬಳಿದದ್ದು, ಇನ್ನೊಂದಕ್ಕೆ ಇಲ್ಲ. ಮಂಚದ ಎತ್ತರದಲ್ಲಿ, ಗೋಡೆಗೆ ತಾಗದಂತೆ ತೂಗುಹಾಕಿ, ಮಧ್ಯಾಹ್ನ 3ಕ್ಕೆ ಮತ್ತು ರಾತ್ರಿ 10ಕ್ಕೆ ಒಂದು ವಾರ ಬರೆದಿಡಿ. ಆರ್‌ಸಿಸಿ ಮನೆಗಳಲ್ಲಿ ರಾತ್ರಿಯ ಅಂಕಿಯನ್ನೇ ಮುಖ್ಯವಾಗಿ ನೋಡಿ. ಛಾವಣಿಯ ಮಳೆನೀರು ತೊಟ್ಟಿಗೆ ಹಿಡಿಯುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಡಬೇಕು, ಅದರಲ್ಲಿ ಸುಣ್ಣ ಇಳಿದಿರುತ್ತದೆ.